ಅಲುಗದ ಕೈ

ಛಾಯಾಚಿತ್ರಕಲೆಯ ಚರಿತ್ರೆಯನ್ನು ಬರೆದವರು ಬೆಳಕಿನ ವಿಷಯವಾಗಿ ಬಹಳ ಬರೆದಿದ್ದಾರೆ. ಮಸೂರಗಳ ವಿಷಯವಾಗಿ, ರಾಸಾಯನಿಕ ದ್ರವ್ಯಗಳ ವಿಷಯವಾಗಿ ಇನ್ನೂ ಹೆಚ್ಚು ಬರೆದಿದ್ದಾರೆ. ಆ ಚರಿತ್ರೆಯಲ್ಲಿ ಅಷ್ಟಾಗಿ ಯಾರ ಗಮನಕ್ಕೂ ಬಾರದೆ ಹೋದ ಒಂದು ಪಾತ್ರವುಂಟು. ಅದು ಮನುಷ್ಯನ ಕೈ. ಕ್ಯಾಮೆರಾವನ್ನು ಹಿಡಿದು ತುಸುವೇ ನಡುಗಿದ ಕೈ. ಆ ನಡುಕವನ್ನು ಗೆಲ್ಲುವುದಕ್ಕಾಗಿ ಸುಮಾರು ಅರ್ಧ ಶತಮಾನದ ಕಾಲ ಲಕ್ಷಾಂತರ ಮಂದಿ ಸಾಮಾನ್ಯರು ಪಟ್ಟ ಪಾಡನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಒಂದು ಛಾಯಾಚಿತ್ರ ಸ್ಪಷ್ಟವಾಗಿ ಮೂಡಬೇಕಾದರೆ, ಫಲಕದ ಮೇಲೆ ಬೆಳಕು ಬೀಳುವಷ್ಟು ಹೊತ್ತು ಯಾರಾದರೊಬ್ಬರು ಪ್ರಯತ್ನಪೂರ್ವಕವಾಗಿ ಅಲುಗದೆ ಇರಬೇಕಾಗುತ್ತದೆ. ಈ ನಿಶ್ಚಲತೆಯ ಹೊರೆಯನ್ನು ಹೊರಬೇಕಾದವರು ಯಾರು? ಈ ಪ್ರಶ್ನೆಗೆ ಕಾಲ ಮೂರು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ. ಮೊದಲ ಕಾಲದಲ್ಲಿ ಆ ಹೊರೆ ಕ್ಯಾಮೆರಾದ ಎದುರಿಗೆ ಕುಳಿತವರ ಮೇಲೆ ಬಿತ್ತು. ಎರಡನೆಯ ಕಾಲದಲ್ಲಿ ಅದು ಕ್ಯಾಮೆರಾವನ್ನು ಹಿಡಿದವನ ಕೈಗೆ ಬಂತು. ಮೂರನೆಯದಾದ ನಮ್ಮ ಕಾಲದಲ್ಲಿ ಯಂತ್ರವೇ ಅದನ್ನು ವಹಿಸಿಕೊಂಡಿದೆ. ಇವುಗಳಲ್ಲಿ ನಡುವಣ ಕಾಲ, ಮಡಿಸಿ ಜೇಬಿನಲ್ಲಿಡಬಹುದಾಗಿದ್ದ ಫಿಲ್ಮು ಕ್ಯಾಮೆರಾಗಳ ಕಾಲ. ನನ್ನ ಆಸಕ್ತಿ ಇರುವುದು ಅದರಲ್ಲಿ.

ಮೊದಲ ಕಾಲವನ್ನು ಸಂಕ್ಷೇಪವಾಗಿ ನೆನೆಯೋಣ. 1826 ಅಥವಾ 1827ರಲ್ಲಿ ಫ್ರಾನ್ಸಿನ ನಿಯೆಪ್ಸ್ ತನ್ನ ಮನೆಯ ಕಿಟಕಿಯಿಂದ ತೆಗೆದ ಚಿತ್ರಕ್ಕೆ ಗಂಟೆಗಟ್ಟಲೆ ಬೆಳಕು ಬೇಕಾಯಿತು. 1838ರಲ್ಲಿ ಡಗೇರ್ ಪ್ಯಾರಿಸ್ಸಿನ ಒಂದು ದೊಡ್ಡ ಬೀದಿಯ ಚಿತ್ರ ತೆಗೆದಾಗ, ಹಲವು ನಿಮಿಷಗಳ ಆ ಅವಧಿಯಲ್ಲಿ ಓಡಾಡಿದ ಜನರೂ ಕುದುರೆಗಾಡಿಗಳೂ ಗುರುತಿಲ್ಲದೆ ಅಳಿಸಿಹೋದವು. ನಿಂತು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಿದ್ದ ಒಬ್ಬಾತನ ಆಕೃತಿ ಮಾತ್ರ ಸ್ಪಷ್ಟವಾಗಿ ಉಳಿಯಿತು. ಅನಂತರ ಬಂದ ಸ್ಟುಡಿಯೋಗಳಲ್ಲಿ, ಕುಳಿತವರ ತಲೆ ಅಲುಗದಂತೆ ಬೆನ್ನ ಹಿಂದೆ ಕಬ್ಬಿಣದ ಕವೆಯೊಂದನ್ನು ನಿಲ್ಲಿಸುತ್ತಿದ್ದರು. ಆ ಕಾಲದ ಭಾವಚಿತ್ರಗಳಲ್ಲಿ ಯಾರ ಮುಖದಲ್ಲಿಯೂ ನಗೆ ಕಾಣದಿರುವುದಕ್ಕೆ ಈ ಕವೆಯೂ ಒಂದು ಕಾರಣವಾಗಿದ್ದೀತು.

ಇಂಥ ಕ್ಯಾಮೆರಾಕ್ಕೆ ಪ್ರಿಯವಾದ ವಸ್ತು ಕಲ್ಲು. 1854ರಲ್ಲಿ ಕಂಪನಿಯ ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನೀಯಸ್ ಟ್ರೈಪ್ ಬೇಲೂರು ಹಳೇಬೀಡುಗಳಿಗೆ ಬಂದು, ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಅಲ್ಲಿನ ದೇವಾಲಯಗಳ ಚಿತ್ರಗಳನ್ನು ತೆಗೆದನು. ಬೇಲೂರಿನ ಮದನಿಕೆಯರಿಗಿಂತ ಒಳ್ಳೆಯ ರೂಪದರ್ಶಿಗಳು ಅವನಿಗೆ ಎಲ್ಲಿ ದೊರೆತಾರು? ಕುಣಿಯುವ ಭಂಗಿಯಲ್ಲಿಯೇ ಇದ್ದಾರೆ, ಆದರೆ ಉಸಿರಾಡುವುದಿಲ್ಲ!

ಕಾಲು ಶತಮಾನದೊಳಗೆ ಈ ಸ್ಥಿತಿ ಬದಲಾಯಿತು. 1871ರಲ್ಲಿ ರಿಚರ್ಡ್ ಮ್ಯಾಡಕ್ಸ್ ಎಂಬ ಇಂಗ್ಲಿಷ್ ವೈದ್ಯನು ಜೆಲಟಿನ್ ಲೇಪದ ಒಣಫಲಕದ ವಿಧಾನವನ್ನು ಪ್ರಕಟಿಸಿದನು. 1878ರಲ್ಲಿ ಚಾರ್ಲ್ಸ್ ಬೆನೆಟ್ ಆ ಲೇಪವನ್ನು ಬೆಚ್ಚಗಿಟ್ಟು ‘ಮಾಗಿಸಿ’ ಅದರ ಗ್ರಹಣಶಕ್ತಿಯನ್ನು ಬಹುಪಾಲು ಹೆಚ್ಚಿಸಿದನು. ಒಳ್ಳೆಯ ಬಿಸಿಲಿನಲ್ಲಿ ಸೆಕೆಂಡಿನ ಒಂದು ಸಣ್ಣ ಪಾಲು ಸಾಕೆಂಬ ಸ್ಥಿತಿ ಬಂತು. ಎಂದಮೇಲೆ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೇಕೆ ನಿಲ್ಲಿಸಬೇಕು? 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡಕ್ ಎಂಬ ಪೆಟ್ಟಿಗೆಯನ್ನು 25 ಡಾಲರ್ ಬೆಲೆಗೆ ಮಾರಾಟಕ್ಕೆ ತಂದನು. ನೂರು ಚಿತ್ರಗಳಿಗಾಗುವ ಸುರುಳಿ ಅದರೊಳಗೇ ಇತ್ತು. ಇಂಥ ಚಿತ್ರಕ್ಕೆ ಇಂಗ್ಲಿಷಿನಲ್ಲಿ ಸಂದ ‘ಸ್ನ್ಯಾಪ್‌ಷಾಟ್’ ಎಂಬ ಹೆಸರು ಬೇಟೆಗಾರರ ಮಾತು. ಸರಿಯಾಗಿ ಗುರಿ ಹಿಡಿಯುವುದಕ್ಕೂ ನಿಲ್ಲದೆ ಥಟ್ಟನೆ ಹಾರಿಸುವ ಗುಂಡು ಎಂದು ಅದರ ಅರ್ಥ. 1860ರಲ್ಲಿಯೇ ವಿಜ್ಞಾನಿ ಜಾನ್ ಹರ್ಷೆಲ್ ಅದನ್ನು ಛಾಯಾಚಿತ್ರಕ್ಕೆ ಅನ್ವಯಿಸಿದ್ದನು. ಹೆಸರು ಸೊಗಸಾಗಿತ್ತು. ಆದರೆ ಗುರಿ ಹಿಡಿಯದ ಬೇಟೆಗಾರನಿಗೆ ಏನು ಗತಿಯೋ ಈ ಹೊಸ ಛಾಯಾಗ್ರಾಹಕನಿಗೂ ಅದೇ ಗತಿಯಾಯಿತು. ಎದುರಿನವರು ಕವೆಯಿಂದ ಬಿಡುಗಡೆ ಪಡೆದರು. ಹೊರೆ ಹಿಂದಿದ್ದವನ ಕೈಗೆ ದಾಟಿತು.

ಈ ಸಂಧಿಯಲ್ಲಿ ಬಂದದ್ದು ಮಡಿಸುವ ಕ್ಯಾಮೆರಾ. ಅದನ್ನು ಕಾಣದ ಕಿರಿಯರಿಗಾಗಿ ಒಂದೆರಡು ಮಾತು. ಮುಚ್ಚಿದಾಗ ಅದು ಚರ್ಮದ ಹೊದಿಕೆಯ ಒಂದು ದಪ್ಪನೆಯ ಪುಸ್ತಕದಂತೆ ಕಾಣುತ್ತದೆ. ಗುಂಡಿಯನ್ನು ಒತ್ತಿ ಮುಂಬಾಗಿಲನ್ನು ತೆರೆದರೆ, ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆಮಡಿಕೆಯಾದ ಕಪ್ಪು ಚರ್ಮದ ಗೂಡೊಂದು ಮುಂದಕ್ಕೆ ಚಾಚಿಕೊಳ್ಳುತ್ತದೆ. ಅದರ ತುದಿಯಲ್ಲಿ ಮಸೂರ, ಮಸೂರದ ಸುತ್ತ ಷಟರ್. ಬೆನ್ನಿನಲ್ಲಿ ಒಂದು ಸಣ್ಣ ಕೆಂಪು ಕಿಂಡಿ. ಫಿಲ್ಮಿನ ಹಿಂಬದಿಯ ಕಾಗದದ ಮೇಲಿನ ಅಂಕಿಗಳು ಅದರಲ್ಲಿ ಕಾಣುತ್ತವೆ. 1898ರ ಹೊತ್ತಿಗೆ ಕೊಡಕ್ ಕಂಪನಿಯ ಜೇಬುಕ್ಯಾಮೆರಾಗಳು ಪೇಟೆಯಲ್ಲಿದ್ದವು. 1912ರಲ್ಲಿ ಬಂದ ‘ವೆಸ್ಟ್ ಪಾಕೆಟ್ ಕೊಡಕ್’ ಮಡಿಸಿದಾಗ ಒಂದಂಗುಲದಷ್ಟೇ ದಪ್ಪವಿತ್ತು. ಜರ್ಮನಿಯಲ್ಲಿ 1926ರಲ್ಲಿ ನಾಲ್ಕು ಹಳೆಯ ಕಂಪನಿಗಳು ಕೂಡಿ ಡ್ರೆಸ್ಡನ್ ನಗರದಲ್ಲಿ ಝೈಸ್ ಇಕಾನ್ ಸಂಸ್ಥೆಯಾದುವು. 1929ರಿಂದ ಅದರ ಇಕೊಂಟಾಗಳು ಬಂದವು. ಫಾಗ್ಟ್‌ಲೆಂಡರ್ ಕಂಪನಿಯ ಬೆಸ್ಸಾ, ಆಗ್ಫಾ ಕಂಪನಿಯ ಇಸೊಲೆಟ್ ಇವೂ ಅದೇ ವಂಶದವು. ನಮ್ಮ ಊರುಗಳಲ್ಲಿಯೂ ವಕೀಲರು, ಡಾಕ್ಟರುಗಳು, ಪ್ರವಾಸಪ್ರಿಯರಾದ ಮೇಷ್ಟರುಗಳು ಇಂಥವನ್ನು ಇಟ್ಟುಕೊಂಡಿದ್ದರು.

ಈ ಸುಂದರ ಯಂತ್ರದಲ್ಲಿ ಒಂದು ತೊಡಕಿತ್ತು. ಕೈಗಳು ಹಿಡಿಯುವುದು ಹಿಂದಿನ ಪೆಟ್ಟಿಗೆಯನ್ನು. ಒತ್ತಬೇಕಾದ ಸನ್ನೆ ಇರುವುದು ಮುಂದೆ, ಚಾಚಿದ ತಿದಿಯ ತುದಿಯಲ್ಲಿ, ಷಟರಿನ ಪಕ್ಕದಲ್ಲಿ. ಉದ್ದನೆಯ ಕೋಲಿನ ತುದಿಯನ್ನು ಮುಟ್ಟಿದರೆ ಇಡೀ ಕೋಲು ಹೇಗೆ ತಿರುಗುತ್ತದೆಯೋ ಹಾಗೆ, ಅಲ್ಲಿ ಬೆರಳಿನಿಂದ ಒತ್ತಿದರೆ ಕ್ಯಾಮೆರಾ ತಲೆ ಬಾಗುತ್ತದೆ. ಅಗ್ಗದ ಷಟರುಗಳಲ್ಲಿ ಇನ್ನೂ ಒಂದು ಕಷ್ಟ. ಅವುಗಳಲ್ಲಿ ಸ್ಪ್ರಿಂಗನ್ನು ಬಿಗಿಯುವುದೂ ಬಿಡುವುದೂ ಒಂದೇ ಒತ್ತಿನಲ್ಲಿ ಆಗಬೇಕಾಗಿದ್ದುದರಿಂದ ಬೆರಳು ಬಹಳ ದೂರ ಚಲಿಸಬೇಕಾಗುತ್ತಿತ್ತು. ಬಿಗಿತ ಕಳಚುವ ಕ್ಷಣದಲ್ಲಿ ಒಂದು ಎಳೆತ. 1912ರಲ್ಲಿ ಮ್ಯೂನಿಕ್ಕಿನ ಫ್ರೀಡ್ರಿಕ್ ಡೆಕೆಲ್ ತಂದ ‘ಕಾಂಪುರ್’ ಷಟರಿನಲ್ಲಿ ಮೊದಲೇ ಬಿಗಿದಿಟ್ಟುಕೊಂಡು ಅನಂತರ ನವುರಾಗಿ ಬಿಡಬಹುದಾಗಿತ್ತು. ವೇಗವನ್ನು ಗಡಿಯಾರದಂಥ ಹಲ್ಲುಚಕ್ರಗಳು ಅಳೆಯುತ್ತಿದ್ದವು. ಅದರ ತೆಳುವಾದ ಎಸಳುಗಳು ತೆರೆದು ಮುಚ್ಚುವ ಸದ್ದು ಒಂದು ಪಿಸುಮಾತಿನಷ್ಟೇ. ಆದ್ದರಿಂದ ಚಿತ್ರ ಅಲುಗಿದರೆ ಷಟರನ್ನು ದೂರುವಂತಿರಲಿಲ್ಲ. ಅಪರಾಧವೇನಿದ್ದರೂ ಸನ್ನೆಯ ಜಾಗದ್ದು, ಕೈಯದ್ದು.

ಕೈಯಾದರೂ ಏನು ಮಾಡೀತು? ಆರೋಗ್ಯವಂತನ ಕೈ ಕೂಡ ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲ ಅತಿ ಸೂಕ್ಷ್ಮವಾಗಿ ಕಂಪಿಸುತ್ತಲೇ ಇರುತ್ತದೆಂದು ಶರೀರಶಾಸ್ತ್ರಜ್ಞರು ಹೇಳುತ್ತಾರೆ. ಅದರ ಮೇಲೆ ಉಸಿರಾಟದ ನಿಧಾನವಾದ ಏರಿಳಿತ, ಎದೆಬಡಿತದ ಸಣ್ಣ ತಟ್ಟು. ಕೈ ಸೆಕೆಂಡಿಗೆ ಹತ್ತು ಸಲ ಕಂಪಿಸುವುದೆಂದು ಲೆಕ್ಕ ಹಿಡಿದರೆ, ಷಟರ್ 1/25 ಸೆಕೆಂಡು ತೆರೆದಿರುವಷ್ಟರಲ್ಲಿ ಒಂದು ತೂಗಾಟದ ಐದರಲ್ಲಿ ಎರಡು ಪಾಲು ಮುಗಿದಿರುತ್ತದೆ. 1/100 ಸೆಕೆಂಡಾದರೆ ಹತ್ತರಲ್ಲಿ ಒಂದೇ ಪಾಲು. ಆದ್ದರಿಂದಲೇ ಕೊಡಕ್ ಕಂಪನಿಯ ಕೈಪಿಡಿಗಳು ಕ್ಯಾಮೆರಾವನ್ನು ದೇಹಕ್ಕೆ ಒತ್ತಿ ಹಿಡಿಯಬೇಕು, ಸನ್ನೆಯನ್ನು ಜರುಗಿಸುವ ಗಳಿಗೆಯಲ್ಲಿ ಉಸಿರು ಬಿಗಿಹಿಡಿಯಬೇಕು, 1/25ಕ್ಕಿಂತ ನಿಧಾನವಾದರೆ ಯಾವುದಾದರೂ ಭದ್ರವಾದ ಆಸರೆಯ ಮೇಲೆ ಇಡಬೇಕು ಎಂದು ಬುದ್ಧಿ ಹೇಳುತ್ತಿದ್ದವು. ನಮ್ಮವರು ಪ್ರಾಣಾಯಾಮದಲ್ಲಿ ಕುಂಭಕವೆಂದು ಕರೆದದ್ದನ್ನು ಅಮೆರಿಕದ ವ್ಯಾಪಾರಸಂಸ್ಥೆಯೊಂದು ಗಿರಾಕಿಗಳಿಗೆ ಕಾಗದದ ಪುಸ್ತಿಕೆಯಲ್ಲಿ ಉಪದೇಶಿಸಿತು.

ಹಾಗಿದ್ದರೂ ಮೊದಲ ಮೂವತ್ತು ವರ್ಷ ಈ ದೋಷ ಬಹುಮಟ್ಟಿಗೆ ಮರೆಯಲ್ಲಿಯೇ ಉಳಿಯಿತು. ಇದಕ್ಕೊಂದು ಸ್ವಾರಸ್ಯವಾದ ಕಾರಣವುಂಟು. ಆ ಕ್ಯಾಮೆರಾಗಳ ನೆಗೆಟಿವ್ ದೊಡ್ಡದು. 1903ರಿಂದ ಬಂದ ಒಂದು ಕೊಡಕ್ಕಿನ ಚಿತ್ರ ಅಂಚೆಕಾರ್ಡಿನಷ್ಟೇ ಇತ್ತು. ನೆಗೆಟಿವನ್ನು ಕಾಗದದ ಮೇಲೆ ನೇರವಾಗಿ ಒತ್ತಿ ಅದೇ ಅಳತೆಯ ಪ್ರತಿ ತೆಗೆಯುವುದು ವಾಡಿಕೆ. ಗಡಿಯಾರದ ನಿಮಿಷದ ಮುಳ್ಳು ಅರ್ಧ ಸೆಕೆಂಡಿನಲ್ಲಿ ಎಷ್ಟು ಜರುಗುವುದೋ ಅಷ್ಟು ಕೋನ ಕ್ಯಾಮೆರಾ ವಾಲಿತೆಂದು ಭಾವಿಸೋಣ. 105 ಮಿಲಿಮೀಟರ್ ಸಂಗಮದೂರದ ಮಸೂರದಲ್ಲಿ ಆ ವಾಲಿಕೆ ಫಿಲ್ಮಿನ ಮೇಲೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟೂ ಗೆರೆ ಎಳೆಯುವುದಿಲ್ಲ. ಅಂಗೈಯಗಲದ ಪ್ರತಿಯಲ್ಲಿ ಅದು ಬರಿಗಣ್ಣಿಗೆ ಕಾಣುವುದು ಕಷ್ಟ. ಅದನ್ನೇ ನಾಲ್ಕು ಪಟ್ಟು ಹಿಗ್ಗಿಸಿ ಗೋಡೆಗೆ ತೂಗುಹಾಕಿದರೆ ಮೂರನೆಯ ಒಂದು ಪಾಲು ಮಿಲಿಮೀಟರಿಗಿಂತ ಹೆಚ್ಚಾಗಿ, ರೆಪ್ಪೆಯ ಕೂದಲುಗಳು ಒಂದರಲ್ಲೊಂದು ಕಲಸಿಹೋಗುತ್ತವೆ. ನೆಗೆಟಿವ್ ದೊಡ್ಡದಾದ ಮಾತ್ರಕ್ಕೆ ನಡುಕಕ್ಕೆ ಮಾಫಿಯೇನೂ ಇಲ್ಲ. ಒಂದೇ ದೃಶ್ಯವನ್ನು ಒಂದೇ ಅಳತೆಗೆ ಹಿಗ್ಗಿಸಿದರೆ ದೊಡ್ಡ ಕ್ಯಾಮೆರಾ, ಸಣ್ಣ ಕ್ಯಾಮೆರಾ ಎರಡರಲ್ಲಿಯೂ ಒಂದೇ ನಡುಕ ಒಂದೇ ಪ್ರಮಾಣದಲ್ಲಿ ತೋರುತ್ತದೆ. ನಮ್ಮ ಹಿರಿಯರ ಕೈ ನಮ್ಮದಕ್ಕಿಂತ ಸ್ಥಿರವಾಗಿತ್ತೆಂದು ಹಳೆಯ ಪುಟ್ಟ ಪ್ರತಿಗಳನ್ನು ನೋಡಿ ತೀರ್ಮಾನಿಸುವವರು ಈ ಲೆಕ್ಕವನ್ನು ನೆನಪಿನಲ್ಲಿಡಬೇಕು.

ಕೈಯ ಸ್ಥಿರತೆಯ ಪ್ರಶ್ನೆ ಕೆಲವೊಮ್ಮೆ ಇತಿಹಾಸದ ಪ್ರಶ್ನೆಯೇ ಆಗಿಬಿಡುತ್ತದೆ. ಮೊದಲ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರು ವೆಸ್ಟ್ ಪಾಕೆಟ್ ಕೊಡಕ್ಕನ್ನು ಕಂದಕಗಳಿಗೆ ಕೊಂಡೊಯ್ದರು; 1915ರ ವೇಳೆಗೆ ಬ್ರಿಟಿಷ್ ಸೇನೆ ಸ್ವಂತ ಕ್ಯಾಮೆರಾಗಳನ್ನು ನಿಷೇಧಿಸಬೇಕಾಯಿತು. ಆದರೆ ಆ ಕ್ಯಾಮೆರಾದ ಅತ್ಯಂತ ಪ್ರಸಿದ್ಧವಾದ ಕಥೆ 1924ರದು. ಎವರೆಸ್ಟಿನ ತುದಿಗೆ ಹೊರಟ ಮ್ಯಾಲರಿಗೆ ಅವನ ಜೊತೆಗಾರ ಹೋವರ್ಡ್ ಸೊಮರ್ವೆಲ್ ತನ್ನ ಕೊಡಕ್ಕನ್ನು ಎರವಲು ಕೊಟ್ಟನು. ಈ ಸೊಮರ್ವೆಲ್ ದಕ್ಷಿಣ ತಿರುವಾಂಕೂರಿನ ನೆಯ್ಯೂರು ಆಸ್ಪತ್ರೆಯಲ್ಲಿ ಬಹುಕಾಲ ಸೇವೆ ಮಾಡಿದ ಶಸ್ತ್ರವೈದ್ಯ. ಜೂನ್ 8ರಂದು ಮ್ಯಾಲರಿಯೂ ಇರ್ವಿನ್ನನೂ ಮೋಡದಲ್ಲಿ ಮರೆಯಾದರು. 1999ರಲ್ಲಿ ಮ್ಯಾಲರಿಯ ದೇಹ ಸಿಕ್ಕಿತು, ಕ್ಯಾಮೆರಾ ಸಿಗಲಿಲ್ಲ. 2024ರಲ್ಲಿ ಹಿಮನದಿಯೊಂದರಲ್ಲಿ ಇರ್ವಿನ್ನನ ಪಾದವೊಂದು ಬೂಟಿನ ಸಹಿತ ದೊರೆಯಿತು. ಆಗಲೂ ಕ್ಯಾಮೆರಾ ಇಲ್ಲ. ಅದು ಸಿಕ್ಕಿದರೆ ಅವರು ಶಿಖರ ಮುಟ್ಟಿದರೋ ಇಲ್ಲವೋ ತಿಳಿದೀತೆಂದು ಹಲವರು ಕಾದಿದ್ದಾರೆ. ಫಿಲ್ಮು ಕೆಡದೆ ಉಳಿದೀತೇ ಎಂದು ಎಲ್ಲರೂ ಕೇಳುತ್ತಾರೆ. ನನಗೆ ತೋರುವುದು ಇನ್ನೊಂದು ಪ್ರಶ್ನೆ. ಉಸಿರು ಬಿಗಿಹಿಡಿಯಿರೆಂದು ಕೈಪಿಡಿ ಹೇಳುತ್ತದೆ; ಉಸಿರಾಡುವುದೇ ದುಸ್ತರವಾದ ಆ ಎತ್ತರದಲ್ಲಿ, ಮರಗಟ್ಟಿದ ಬೆರಳುಗಳಿಂದ ಆ ಪುಟ್ಟ ಸನ್ನೆಯನ್ನು ಒತ್ತಿದ ಕೈ ಎಷ್ಟು ಅಲುಗಿರಬಹುದು? ಆ ಕ್ಯಾಮೆರಾದಲ್ಲಿ ಇದ್ದದ್ದು 1/25, 1/50 ಎಂಬ ಎರಡೇ ವೇಗಗಳು. ಹಿಮದ ಮೇಲಣ ಬೆಳಕು ಪ್ರಖರವಾದದ್ದರಿಂದ 1/50 ಸಾಕಾಗಿದ್ದೀತು ಎಂಬುದೊಂದೇ ಸಮಾಧಾನ.

ಮುಂದಿನ ವರ್ಷಗಳಲ್ಲಿ ಕ್ಯಾಮೆರಾ ಮಾಡುವವರು ಈ ತೊಡಕನ್ನು ಮನಗಂಡರು. ಫಾಗ್ಟ್‌ಲೆಂಡರಿನವರು ಮುಂಬಾಗಿಲಿನ ಬಳಿ ಬಂದೂಕಿನ ಕುದುರೆಯಂಥ ಒಂದು ಸಣ್ಣ ಸನ್ನೆಯನ್ನು ಇಟ್ಟರು. ಹಿಡಿದ ಕೈಯ ಬೆರಳೇ ಅದನ್ನು ಹಿಂದಕ್ಕೆ ಎಳೆಯಬಹುದಾಗಿತ್ತು. 1930ರ ದಶಕದ ಉತ್ತರಾರ್ಧದಲ್ಲಿ ಇಕೊಂಟಾಗಳಿಗೆ ಪೆಟ್ಟಿಗೆಯ ನೆತ್ತಿಯ ಮೇಲೆಯೇ ಗುಂಡಿ ಬಂತು. ಒಳಗೆ ಹಲವು ಸಣ್ಣ ಸನ್ನೆಗಳು ಒಂದನ್ನೊಂದು ತಳ್ಳಿ ಆ ಒತ್ತಡವನ್ನು ಮುಂದಿನ ಷಟರಿಗೆ ಮುಟ್ಟಿಸುತ್ತಿದ್ದವು. ಇಂದು ನಮಗೆ ಸಹಜವೆಂದು ತೋರುವ ಜಾಗಕ್ಕೆ ಆ ಗುಂಡಿ ಬರಲು ನಾಲ್ಕು ದಶಕಗಳಷ್ಟು ಕಾಲ ಹಿಡಿಯಿತು.

ಅದರ ನಡುವೆ ಸಾಮಾನ್ಯರು ಸುಮ್ಮನಿರಲಿಲ್ಲ. ತಮ್ಮದೇ ಒಂದು ವಿದ್ಯೆಯನ್ನು ಬೆಳೆಸಿಕೊಂಡರು. ಇಂಥ ಕ್ಯಾಮೆರಾಗಳನ್ನು ನಾನೂ ಹಲವು ವರ್ಷ ಬಳಸಿದ್ದೇನೆ. ಜಿಲ್ಲಾ ಕೇಂದ್ರವೊಂದರಲ್ಲಿ ಸ್ಟುಡಿಯೋ ಇಟ್ಟಿದ್ದ ವೃದ್ಧರೊಬ್ಬರು ನನಗೆ ಅದರ ಹಿಡಿತವನ್ನು ತೋರಿಸಿಕೊಟ್ಟರು. ಕಾಲುಗಳನ್ನು ತುಸು ಅಗಲಿಸಿ ನಿಲ್ಲಬೇಕು. ಮೊಣಕೈಗಳು ಪಕ್ಕೆಲುಬಿಗೆ ಅಂಟಿಕೊಂಡಿರಬೇಕು. ಎಡ ಅಂಗೈ ತೆರೆದ ಮುಂಬಾಗಿಲನ್ನು ಕೆಳಗಿನಿಂದ ಹೊರಬೇಕು. ತುದಿಯ ಭಾರ ತೂಗಾಡಲು ಬಿಡಬಾರದು. ಕಣ್ಣಿನ ಮಟ್ಟದಲ್ಲಿ ಹಿಡಿದಾಗ ಪೆಟ್ಟಿಗೆ ಕೆನ್ನೆಗೋ ಹಣೆಗೋ ಒತ್ತಿಕೊಂಡಿರಬೇಕು. ಎರಡು ಕೈಗಳ ಜೊತೆಗೆ ಮುಖ ಮೂರನೆಯ ಕಾಲಾಗುತ್ತದೆ. “ಮುಕ್ಕಾಲಿ ಮನೆಯಲ್ಲಿದ್ದರೆ ಏನಾಯಿತು, ನೀವೇ ಮುಕ್ಕಾಲಿಯಾಗಿ” ಎನ್ನುತ್ತಿದ್ದರು ಅವರು. ಸನ್ನೆ ಷಟರಿನಲ್ಲಿಯೇ ಇದ್ದರೆ ಹೆಬ್ಬೆರಳಿನಿಂದ ಒತ್ತುವಾಗ ಎದುರು ಬದಿಯಲ್ಲಿ ಇನ್ನೊಂದು ಬೆರಳನ್ನು ಆನಿಸಬೇಕು. ಚಿವುಟಿದಂತೆ ಒತ್ತಿದರೆ ಎರಡು ಬಲಗಳೂ ಒಂದನ್ನೊಂದು ತಿಂದುಹಾಕುತ್ತವೆ. ಉಸಿರನ್ನು ತುಂಬಿಕೊಂಡು ಬಿಗಿಹಿಡಿದರೆ ಎದೆ ಬಿಗಿದು ನಡುಕ ಹೆಚ್ಚುತ್ತದೆ. ಅರ್ಧ ಹೊರಗೆ ಬಿಟ್ಟು ತಡೆದ ಗಳಿಗೆಯೇ ತಕ್ಕ ಗಳಿಗೆ. ಬಿಲ್ಲುಗಾರರೂ ಬಂದೂಕಿನವರೂ ಬಲ್ಲ ಗುಟ್ಟು ಇದೇ.

ಕ್ಯಾಮೆರಾದ ಅಡಿಯಲ್ಲಿ ಮುಕ್ಕಾಲಿಗಾಗಿ ಇರುವ ತೂತಿಗೆ ತಿರುಪು ಹಾಕಿ, ಅದಕ್ಕೆ ಗಟ್ಟಿ ದಾರವೊಂದನ್ನು ಕಟ್ಟಿ, ದಾರದ ತುದಿಯನ್ನು ಪಾದದಿಂದ ಮೆಟ್ಟಿ ಮೇಲಕ್ಕೆ ಜಗ್ಗಿ ಹಿಡಿಯುವುದು ಇನ್ನೊಂದು ಉಪಾಯ. ಎಳೆದ ದಾರ ಕೈಯ ಮೇಲುಕೆಳಗಿನ ತೂಗಾಟವನ್ನು ತಡೆಯುತ್ತದೆ. ಗೋಡೆ, ಕಂಬ, ಮರ, ಬಸ್ಸಿನ ಬಾನೆಟ್ಟು ಇವೆಲ್ಲ ಬಡವನ ಮುಕ್ಕಾಲಿಗಳೇ. ಇಂಥ ಉಪಾಯಗಳನ್ನು ಮೊದಲು ಕಂಡುಹಿಡಿದವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ಈ ಎಲ್ಲ ಎಚ್ಚರಿಕೆಯ ಮೂಲ ಇದ್ದದ್ದು ಫಿಲ್ಮಿನ ಬಡತನದಲ್ಲಿ. ಇಂದಿನ ಲೆಕ್ಕದಲ್ಲಿ 25 ಎಎಸ್‌ಎ ಎನ್ನಬಹುದಾದ ಫಿಲ್ಮಿಗೆ ಪೂರ್ಣ ಬಿಸಿಲಿನಲ್ಲಿ ಎಫ್-11 ದ್ವಾರವಿಟ್ಟರೆ 1/50 ಸಾಕು. ಅದೇ ಮಂದಿಯನ್ನು ಜಗಲಿಯ ನೆರಳಿಗೆ ಕರೆತಂದರೆ ಎಫ್-4.5ಕ್ಕೆ ದ್ವಾರವನ್ನು ತೆರೆದರೂ 1/25ರ ಆಸುಪಾಸಿಗೆ ಇಳಿಯಬೇಕು. ದ್ವಾರ ಅಗಲವಾದಷ್ಟೂ ದೂರದ ಅಂದಾಜು ಕರಾರುವಾಕ್ಕಾಗಿರಬೇಕು. ಕಿರಿದು ಮಾಡಿದರೆ ಕೈಯ ಪರೀಕ್ಷೆ. ಅತ್ತ ದರಿ ಇತ್ತ ಪುಲಿ! ನಮ್ಮ ಮನೆಗಳ ಹಳೆಯ ಗುಂಪುಚಿತ್ರಗಳಲ್ಲಿ ಎಲ್ಲರೂ ಅಂಗಳದ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಂತಿರುವುದು ಏಕೆಂದು ಇದರಿಂದ ತಿಳಿಯುತ್ತದೆ.

1954ರಲ್ಲಿ ಟ್ರೈ-ಎಕ್ಸ್ ಫಿಲ್ಮು ಸುರುಳಿಯ ರೂಪದಲ್ಲಿ ಬಂದ ಮೇಲೆ ನೆರಳಿನಲ್ಲಿಯೂ 1/100, 1/250 ಸಾಧ್ಯವಾಯಿತು. ಆದರೆ ಅಷ್ಟರಲ್ಲಿ 1925ರಲ್ಲಿ ಬಂದ ಲೈಕಾದ ಸಂತತಿ, ಎಂದರೆ 35 ಮಿಲಿಮೀಟರಿನ ಕ್ಯಾಮೆರಾಗಳು, ಪೇಟೆಯನ್ನು ಆಕ್ರಮಿಸಿದ್ದವು. ಮಡಿಸುವ ಕ್ಯಾಮೆರಾಕ್ಕೆ ತಕ್ಕ ಫಿಲ್ಮು ದೊರೆತದ್ದು ಅದರ ಮುಪ್ಪಿನಲ್ಲಿ. ನಮ್ಮಲ್ಲಿ ಮಾತ್ರ ಅದು ಇನ್ನೂ ಕೆಲಕಾಲ ಬಾಳಿತು. 1967ರಲ್ಲಿ ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಉತ್ಪಾದನೆ ಆರಂಭಿಸಿದ ಮೇಲೆ ‘ಇಂದು’ ಹೆಸರಿನ ಸುರುಳಿಗಳು ಎಷ್ಟೋ ಹಳೆಯ ಜರ್ಮನ್ ಪೆಟ್ಟಿಗೆಗಳಿಗೆ ಮರುಜೀವ ಕೊಟ್ಟವು. ಕೊನೆಗೆ 1995ರಲ್ಲಿ ಕ್ಯಾನನ್ ಕಂಪನಿ, ಕೈ ಅಲುಗಿದಾಗ ಅದಕ್ಕೆ ವಿರುದ್ಧವಾಗಿ ತಾನೇ ಜರುಗಿ ಚಿತ್ರವನ್ನು ನಿಲ್ಲಿಸುವ ಮಸೂರವನ್ನು ತಂದಿತು. ಇಂದು ನಮ್ಮ ಜೇಬಿನ ಫೋನುಗಳಲ್ಲಿಯೂ ಆ ಯುಕ್ತಿ ಅಡಗಿದೆ. ಎದುರಿನವರಿಂದ ಕೈಗೆ, ಕೈಯಿಂದ ಯಂತ್ರಕ್ಕೆ ಹೊರೆ ಹೀಗೆ ದಾಟಿತು. ಇದರಿಂದ ನಷ್ಟವಾಯಿತೆಂದು ನಾನು ಹೇಳುವುದಿಲ್ಲ. ಕತ್ತಲು ಕೋಣೆಯಲ್ಲಿ ಮಲಗಿದ ಮಗುವಿನ ಮುಖ ಸ್ಪಷ್ಟವಾಗಿ ದೊರೆಯುವುದು ಸಣ್ಣ ಭಾಗ್ಯವಲ್ಲ.

ಆದರೆ ಆ ನಡುವಣ ಕಾಲದ ಚಿತ್ರಗಳನ್ನು ಓದಲು ನಾವು ಕಲಿಯಬೇಕು. ಚಿತ್ರ ಮಬ್ಬಾಗುವುದು ಮೂರು ಬಗೆಯಲ್ಲಿ. ದೂರದ ಅಂದಾಜು ತಪ್ಪಿದ್ದರೆ ಪ್ರತಿಯೊಂದು ಬಿಂದುವೂ ಮೆತ್ತಗೆ ಉಬ್ಬಿ ಬಿಲ್ಲೆಯಾಗುತ್ತದೆ. ಎದುರಿನವರು ಅಲುಗಿದ್ದರೆ ಅವರಷ್ಟೇ ಕದಡಿ, ಹಿಂದಿನ ಗೋಡೆ ಸ್ಪಷ್ಟವಾಗಿರುತ್ತದೆ. ಕ್ಯಾಮೆರಾ ಅಲುಗಿದ್ದರೆ ಗೋಡೆ, ಗಿಡ, ಮುಖ ಎಲ್ಲದರ ಬಿಂದುಗಳೂ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಗೆರೆಯಾಗಿ ಎಳೆದಿರುತ್ತವೆ. ನನ್ನ ಅಜ್ಜಿಯದು ಒಂದೇ ಒಂದು ಚಿತ್ರ ಉಳಿದಿದೆ. ತುಲಸಿಕಟ್ಟೆಯ ಬಳಿ ನಿಂತಿದ್ದಾರೆ, ಸಂಜೆಯ ಬೆಳಕು. ತೆಗೆದವರು ನನ್ನ ಸೋದರಮಾವ. ಮುಖ ಅಷ್ಟು ಸ್ಪಷ್ಟವಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಕಟ್ಟೆಯ ಮುಂದಿನ ರಂಗೋಲಿಯ ಚುಕ್ಕಿಗಳೆಲ್ಲ ಬಲಕ್ಕೆ ಓರೆಯಾಗಿ ಇಳಿದ ಪುಟ್ಟ ಗೆರೆಗಳಾಗಿವೆ. ಅಜ್ಜಿಯ ಮೂಗುತಿಯ ಹೊಳಪೂ ಅದೇ ಓರೆಯಲ್ಲಿ ಎಳೆದಿದೆ. ಸನ್ನೆಯನ್ನು ಒತ್ತಿದ ಹೆಬ್ಬೆರಳಿನ ಗುರುತು ಅದು. ನಮ್ಮ ಆಲ್ಬಮ್ಮಿನಲ್ಲಿ ಆ ಮಾವನ ಚಿತ್ರ ಒಂದೂ ಇಲ್ಲ. ಎಲ್ಲರ ಚಿತ್ರವನ್ನೂ ತೆಗೆದವರು ಅವರೇ ಆದ್ದರಿಂದ.

ಅಲುಗಾಟವನ್ನು ಗುಣವೆಂದು ಹೊಗಳುವುದು ಸರಿಯಲ್ಲ. ಅದು ಎಷ್ಟೋ ಪ್ರೀತಿಯ ಮುಖಗಳನ್ನು ನಮ್ಮಿಂದ ಮರೆಮಾಡಿದೆ. ಅದನ್ನು ತಡೆಯಲು ಉಸಿರು ಹಿಡಿದು ನಿಂತವರ ಪ್ರಯತ್ನ ದೊಡ್ಡದು. ಅದು ಫಲಿಸಿದ ಕಡೆ ನಮಗೆ ಕಾಣುವುದು ಎದುರಿನವರ ಮುಖ ಮಾತ್ರ, ಹಿಂದಿದ್ದವರ ಶ್ರಮ ಕಾಣುವುದಿಲ್ಲ. ಸ್ವಲ್ಪ ಸೋತ ಕಡೆ ಅವರ ಗುರುತೂ ಎದುರಿನವರ ಮುಖದ ಜೊತೆಗೇ ಉಳಿದುಬಿಟ್ಟಿದೆ. ಹಳೆಯ ಪೆಟ್ಟಿಗೆಗಳನ್ನು ಸ್ವಚ್ಛಗೊಳಿಸುವಾಗ ಮಸುಕಾದ ಚಿತ್ರಗಳನ್ನು ಕೆಟ್ಟಿತೆಂದು ಎಸೆಯುವವರು, ಎಸೆಯುವ ಮೊದಲು ಒಮ್ಮೆ ಭೂತಗನ್ನಡಿಯನ್ನು ಹಿಡಿದು ನೋಡಲಿ. ಚುಕ್ಕಿಗಳು ಗೆರೆಗಳಾಗಿದ್ದರೆ, ಅಲ್ಲಿ ಕಾಣುವವರಿಗಿಂತ ಒಬ್ಬರು ಹೆಚ್ಚಿಗೆ ಇದ್ದಾರೆ ಎಂದು ತಿಳಿಯಬೇಕು.